ಕಾರ್ಡ್ ಕಡಿತದ ಲೆಕ್ಕ ಬಿಡಿಸಿ ಕೊಡಿ: ಕೊಪ್ಪಳ ಜಿಲ್ಲೆಯ ಬ್ಯಾಂಕರುಗಳ ಸಮಿತಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಅಧ್ಯಕ್ಷರು, ಜಿಲ್ಲಾ ಸಮಾಲೋಚನಾ ಸಮಿತಿ, ಕೊಪ್ಪಳ
ಲೀಡ್ ಬ್ಯಾಂಕ್ ವ್ಯವಸ್ಥಾಪಕರು ಮತ್ತು ಸಮಿತಿಯಲ್ಲಿರುವ ಎಲ್ಲ ಬ್ಯಾಂಕುಗಳ ಪ್ರತಿನಿಧಿಗಳು

ಮಾನ್ಯರೇ,

ಗಂಗಾವತಿಯ ಬಟ್ಟೆ ಅಂಗಡಿ, ಕಾರಟಗಿಯ ಗೊಬ್ಬರದ ಅಂಗಡಿ, ಆನೆಗುಂದಿ ಮತ್ತು ಸಣಾಪುರದ ಗೆಸ್ಟ್ ಹೌಸುಗಳ ಲೆಕ್ಕ ಬರೆಯುವವರು ನಾವು. ಈ ಅಂಗಡಿಕಾರರು ಈಗ ಕೇಳುತ್ತಿರುವ ಪ್ರಶ್ನೆ ಒಂದೇ: "ಕಾರ್ಡ್ ಉಜ್ಜಿದ್ರ ಬ್ಯಾಂಕಿನವ್ರು ರೊಕ್ಕ ಮುರ್ಕೊತಾರ. ಕ್ರಿಪ್ಟೊ ತಗೊಂಡ್ರ ಕಡಿತಾನ ಇಲ್ಲಂತ. ತಗೊಳ್ಳೋಣೇನ್ರಿ?"

ಕ್ರಿಪ್ಟೊ ಎಂದರೆ ಕಂಪ್ಯೂಟರ್ ಜಾಲದಲ್ಲೇ ಓಡುವ, ಬಿಟ್‌ಕಾಯಿನ್‌ನಂಥ ಖಾಸಗಿ ಡಿಜಿಟಲ್ ನಾಣ್ಯ. ಬೇಡ ಎಂಬುದೇ ನಮ್ಮ ಉತ್ತರ. ಆದರೆ ಬೇಡ ಎಂದು ಹೇಳಿ ಕೈತೊಳೆದುಕೊಂಡರೆ ಸಾಲದು. ತನ್ನ ಖಾತೆಯಿಂದ ಯಾವ ಕಾರ್ಡಿಗೆ ಎಷ್ಟು ಹೋಯಿತು, ಏಕೆ ಹೋಯಿತು ಎಂಬುದನ್ನು ಅಂಗಡಿಯವನಿಗೆ ತಿಳಿಯುವ ಹಾಗೆ ಯಾರೂ ಬರೆದು ಕೊಡುತ್ತಿಲ್ಲ. ಕಡಿತ ಎಷ್ಟೆಂದು ಕಾಣದವನಿಗೆ 'ಕಡಿತವೇ ಇಲ್ಲ' ಎನ್ನುವ ಮಾತು ಸಿಹಿಯಾಗಿ ಕೇಳಿಸುತ್ತದೆ. ಇದನ್ನು ಸರಿಪಡಿಸುವುದು ತಮ್ಮ ಸಮಿತಿಯ ಕೈಯಲ್ಲಿದೆ. ಅದಕ್ಕೇ ಈ ಪತ್ರ.

ಮೊದಲು ಕಾರ್ಡಿನ ಲೆಕ್ಕ. ಕಡಿತವಾಗುವ ಹಣಕ್ಕೆ ಬ್ಯಾಂಕಿನವರು ಎಂಡಿಆರ್ ಎನ್ನುತ್ತಾರೆ. ಅದರ ದೊಡ್ಡ ಪಾಲು ಗ್ರಾಹಕನಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಸಣ್ಣ ಪಾಲು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಕ್ಕೆ, ಉಳಿದದ್ದು ಅಂಗಡಿಗೆ ಸ್ವೈಪ್ ಮಷೀನ್ ಕೊಟ್ಟ ಬ್ಯಾಂಕಿಗೆ. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2018ರ ಜನವರಿ 1ರಿಂದ ಮಿತಿ ಹಾಕಿದೆ. ಹಿಂದಿನ ಹಣಕಾಸು ವರ್ಷದ ವಹಿವಾಟು 20 ಲಕ್ಷ ರೂ. ದಾಟದ ಅಂಗಡಿಗೆ ಮಷೀನಿನಲ್ಲಿ ಹೆಚ್ಚೆಂದರೆ ಶೇ 0.40, ಒಂದು ವಹಿವಾಟಿಗೆ 200 ರೂ. ಮೀರುವಂತಿಲ್ಲ. 20 ಲಕ್ಷ ದಾಟಿದ ಅಂಗಡಿಗೆ ಶೇ 0.90, ಗರಿಷ್ಠ 1,000 ರೂ. ಕ್ಯೂಆರ್ ಮೂಲಕ ಕಾರ್ಡ್ ಪಾವತಿಯಾದರೆ ಎರಡೂ ವರ್ಗಕ್ಕೆ ಶೇ 0.10ರಷ್ಟು ಕಡಿಮೆ. ರುಪೇ ಡೆಬಿಟ್ ಕಾರ್ಡಿಗೂ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೂ 2020ರ ಜನವರಿ 1ರಿಂದ ಎಂಡಿಆರ್ ಸೊನ್ನೆ. ಆ ದಿನಾಂಕದ ನಂತರ ಯಾರಾದರೂ ವಸೂಲಿ ಮಾಡಿದ್ದರೆ ಹಿಂದಿರುಗಿಸಿ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2020ರ ಆಗಸ್ಟ್ 30ರ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿಯಿಲ್ಲ, ಅದು ಬ್ಯಾಂಕು ಮತ್ತು ಅಂಗಡಿಯ ನಡುವಿನ ಕರಾರು. ಸಾಮಾನ್ಯವಾಗಿ ಶೇ 2ರ ಆಸುಪಾಸು, ವಿದೇಶಿ ಕಾರ್ಡಿಗೆ ಶೇ 3ರ ಆಸುಪಾಸು.

ಒಂದೇ 4,000 ರೂಪಾಯಿಯ ಸೀರೆಗೆ ಇದನ್ನು ಹಾಕಿ ನೋಡಿ. ಶೇ 2ರ ಕ್ರೆಡಿಟ್ ಕಾರ್ಡಾದರೆ ಕಡಿತ 80 ರೂ., ಅದರ ಮೇಲೆ ಶೇ 18 ಜಿಎಸ್‌ಟಿ 14.40 ರೂ.; ಖಾತೆಗೆ ಬರುವುದು 3,905.60 ರೂ. ವೀಸಾ ಡೆಬಿಟ್ ಕಾರ್ಡ್, ಅಂಗಡಿ ದೊಡ್ಡ ವರ್ಗದ್ದು ಎಂದಾದರೆ ಜಿಎಸ್‌ಟಿ ಸೇರಿ 42.48 ರೂ. ಅದೇ ಕಾರ್ಡ್, ಅಂಗಡಿ ಸಣ್ಣ ವರ್ಗದ್ದಾದರೆ 18.88 ರೂ. ರುಪೇ ಡೆಬಿಟ್ ಆದರೆ ಏನೂ ಇಲ್ಲ. ಸೀರೆಯೂ ಒಂದೇ, ಮಷೀನೂ ಒಂದೇ, ಆದರೆ ಕಡಿತ 94.40 ರೂ.ನಿಂದ ಸೊನ್ನೆಯವರೆಗೆ. ಮರುದಿನ ಖಾತೆಗೆ ಬೀಳುವುದು ಮಾತ್ರ ಎಲ್ಲ ಸೇರಿಸಿ ಒಂದೇ ಮೊತ್ತ.

ಇನ್ನೊಂದು ವಿಷಯ ಬಹುತೇಕ ಅಂಗಡಿಗಳಿಗೆ ಗೊತ್ತಿಲ್ಲ. 2,000 ರೂ. ವರೆಗಿನ ಒಂದು ಕಾರ್ಡ್ ವಹಿವಾಟಿಗೆ ಬ್ಯಾಂಕಿನ ಈ ಸೇವೆಯ ಮೇಲೆ ಜಿಎಸ್‌ಟಿಯೇ ಇಲ್ಲ. 1,800 ರೂ. ಬಿಲ್ಲಿಗೆ ಶೇ 2ರಂತೆ 36 ರೂ. ಮುರಿಯಬಹುದು, ಅದರ ಮೇಲೆ 6.48 ರೂ. ಸೇರಿಸುವಂತಿಲ್ಲ. ದೊಡ್ಡ ಬಿಲ್ಲಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಸಾಮಾನ್ಯ ನೋಂದಣಿಯ ವರ್ತಕ ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂಪಡೆಯಬಹುದು, ಆದರೆ ಅದಕ್ಕೆ ಬ್ಯಾಂಕ್ ತೆರಿಗೆ ಇನ್‌ವಾಯ್ಸ್ ಕೊಡಬೇಕು, ಅದರಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ಇರಬೇಕು. ಖಾತೆ ತೆರೆಯುವಾಗ ಆ ಸಂಖ್ಯೆ ದಾಖಲಿಸದೆ ಬಿಟ್ಟರೆ ಆ ಹಣ ವರ್ಷಗಟ್ಟಲೆ ಸುಮ್ಮನೆ ಹೋಗುತ್ತದೆ. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಹಿಂಪಡೆತವೂ ಇಲ್ಲ.

ಎಂಡಿಆರ್‌ಗಿಂತ ಹೆಚ್ಚು ಕಚ್ಚುವುದು ಹಲವು ಕಡೆ ಮಷೀನಿನ ಬಾಡಿಗೆ. ತಿಂಗಳಿಗೆ 400 ರೂ. ಬಾಡಿಗೆ ಎಂದಿಟ್ಟುಕೊಳ್ಳಿ, ಜಿಎಸ್‌ಟಿ ಸೇರಿ 472 ರೂ. ತಿಂಗಳಿಗೆ 2 ಲಕ್ಷ ರೂ. ಕಾರ್ಡ್ ವ್ಯಾಪಾರ ಇರುವ ಅಂಗಡಿಗೆ ಅದು ಶೇ 0.24 ಕೂಡ ಆಗದು. ಕಾರ್ಡಿನಲ್ಲಿ 20,000 ರೂ. ಮಾತ್ರ ಬರುವ ಅಂಗಡಿಗೆ ಬಾಡಿಗೆಯೊಂದೇ ಶೇ 2.36. ಅಂಥ ಅಂಗಡಿಗೆ ನಾವು ಹೇಳುವುದು ಮಷೀನ್ ವಾಪಸ್ ಕೊಡಿ, ಕ್ಯೂಆರ್ ಫಲಕ ಸಾಕು ಎಂದೇ. ವಾಪಸ್ ಕೊಡುವಾಗ ಮಾತ್ರ ಲಿಖಿತ ಸ್ವೀಕೃತಿ ಪಡೆಯಲೇಬೇಕು. ಇಲ್ಲದಿದ್ದರೆ ಕಪಾಟಿನಲ್ಲಿ ಧೂಳು ತಿನ್ನುವ ಮಷೀನಿಗೂ ಪ್ರತಿ ತಿಂಗಳು ಬಾಡಿಗೆ ಮುರಿಯುತ್ತಲೇ ಇರುತ್ತದೆ.

ತಪ್ಪುವುದು ಎಲ್ಲಿ? ಮೊದಲನೆಯದು ವಹಿವಾಟಿನ ವರ್ಗ. ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಟ್ಟರೆ ಅಂಗಡಿ ದೊಡ್ಡ ವರ್ಗಕ್ಕೆ ಬೀಳಬಹುದು, ಶೇ 0.40ರ ಜಾಗದಲ್ಲಿ ಶೇ 0.90 ಹೋಗಬಹುದು. ಹಿಂದಿನ ವರ್ಷದ ಆದಾಯ ತೆರಿಗೆ ರಿಟರ್ನ್ ಅಥವಾ ಜಿಎಸ್‌ಟಿ ರಿಟರ್ನ್ ಪ್ರತಿ ಇಟ್ಟು, ವರ್ಗ ಬದಲಿಸಿ ಎಂದು ಬರೆದು ಕೊಡಬೇಕು. ಎರಡನೆಯದು, ಕೆಲವು ಮಷೀನುಗಳಲ್ಲಿ ರಾತ್ರಿ ಅಂಗಡಿ ಮುಚ್ಚುವಾಗ ಸೆಟ್ಲ್‌ಮೆಂಟ್ ಒತ್ತಬೇಕು. ಮರೆತರೆ ಆ ದಿನದ ಹಣ ಒಂದು ದಿನ ಹಿಂದೆ ಬೀಳುತ್ತದೆ, ತಿಂಗಳ ಕೊನೆಗೆ ತಾಳೆ ಹಾಕುವಾಗ ಕಡಿತ ಹೆಚ್ಚಾದಂತೆ ಕಾಣುತ್ತದೆ. ಮೂರನೆಯದು ಸಿಗ್ನಲ್. ಗ್ರಾಹಕನ ಖಾತೆಯಲ್ಲಿ ಹಣ ಕಡಿತವಾಗಿ ಮಷೀನಿನಲ್ಲಿ ಚೀಟಿ ಬಾರದಿದ್ದರೆ, 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ನಿಯಮದಂತೆ ವಹಿವಾಟಿನ ದಿನದ ನಂತರ 5 ದಿನದೊಳಗೆ ಹಣ ತಾನಾಗಿಯೇ ಗ್ರಾಹಕನಿಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ. ಇದು ಗೊತ್ತಿಲ್ಲದೆ ಗಲ್ಲೆಯ ಮುಂದೆ ಜಗಳವಾಗುತ್ತದೆ.

ಕಡಿತವನ್ನು ಗ್ರಾಹಕನ ಮೇಲೆ ಹಾಕುವ ರೂಢಿಯೂ ಇದೆ, 'ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ' ಎಂದು. ಡೆಬಿಟ್ ಕಾರ್ಡಿನಲ್ಲಿ ಹಾಗೆ ವಸೂಲಿ ಮಾಡಬಾರದೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಆದರೆ ಅಂಗಡಿಯವನ ಕಷ್ಟವೂ ನಿಜ. 45 ಕಿಲೋ ಯೂರಿಯಾ ಚೀಲದ ಬೆಲೆಯನ್ನು ಸರ್ಕಾರವೇ 266.50 ರೂ. ಎಂದು ಕಟ್ಟಿದೆ, ಅದರ ಮೇಲೆ ಒಂದು ಪೈಸೆ ಏರಿಸುವಂತಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಮಾರಿದರೆ ಚೀಲಕ್ಕೆ 5.33 ರೂ. ಹೋಗುತ್ತದೆ. ಗೊಬ್ಬರದ ಅಂಗಡಿಯಲ್ಲಿ ಆಧಾರ್ ಬೆರಳಚ್ಚು ಪಡೆಯುವ ಯಂತ್ರ ಬೇರೆ, ಕಾರ್ಡ್ ಉಜ್ಜುವ ಮಷೀನ್ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಎರಡಕ್ಕೂ ಜನ ಪಿಒಎಸ್ ಎನ್ನುವುದರಿಂದ ದೂರುಗಳು ತಪ್ಪು ಮೇಜಿಗೆ ಹೋಗುತ್ತಿವೆ.

ಇನ್ನು ಕ್ರಿಪ್ಟೊ. ಇದನ್ನು ತಳ್ಳಿಹಾಕದೆ ಲೆಕ್ಕ ಹಾಕಿಯೇ ನೋಡೋಣ.

ಬಿಟ್‌ಕಾಯಿನ್ ಜಾಲದ ಶುಲ್ಕ ಬಿಲ್ಲಿನ ಮೊತ್ತದ ಮೇಲೆ ನಿಲ್ಲುವುದಿಲ್ಲ, ವಹಿವಾಟಿನ ದತ್ತಾಂಶ ಎಷ್ಟು ಬೈಟ್ ಇದೆ, ಆ ಹೊತ್ತಿನಲ್ಲಿ ಜಾಲ ಎಷ್ಟು ತುಂಬಿದೆ ಎಂಬುದರ ಮೇಲೆ ನಿಲ್ಲುತ್ತದೆ. ಸಾಮಾನ್ಯ ಪಾವತಿ ಸುಮಾರು 140 ಬೈಟ್. ಬೈಟಿಗೆ 20 ಸತೋಶಿ ದರ ಇದ್ದರೆ 2,800 ಸತೋಶಿ. ಒಂದು ಬಿಟ್‌ಕಾಯಿನ್ ಎಂದರೆ 10 ಕೋಟಿ ಸತೋಶಿ. ಅದರ ಬೆಲೆ 80 ಲಕ್ಷ ರೂ. ಎಂದು ಹಿಡಿದರೆ ಶುಲ್ಕ 224 ರೂ. ಅರವತ್ತು ಸಾವಿರದ ಬಿಲ್ಲಿಗೆ ಅದು ಶೇ 0.37, ಆರು ನೂರರ ಊಟದ ಬಿಲ್ಲಿಗೆ ಶೇ 37. ಶುಲ್ಕವನ್ನು ಕಳಿಸುವವನು ಕೊಡುತ್ತಾನಲ್ಲ, ಅಂಗಡಿಗೇನು ನಷ್ಟ ಎನ್ನಬಹುದು. ಆದರೆ ಅಂಗಡಿಯವನು ಆ ಹಣವನ್ನು ರೂಪಾಯಿ ಮಾಡಲು ಮತ್ತೆ ಕಳಿಸಲೇಬೇಕು. ಬಂದ ಒಂದೊಂದು ಸಣ್ಣ ಪಾವತಿಯೂ ಜಾಲದಲ್ಲಿ ಬಿಡಿಬಿಡಿಯಾಗಿಯೇ ಉಳಿದಿರುತ್ತದೆ, ಒಟ್ಟುಗೂಡಿಸುವಾಗ ಪ್ರತಿಯೊಂದಕ್ಕೂ ಸುಮಾರು 68 ಬೈಟ್ ಸೇರುತ್ತದೆ. 600 ರೂಪಾಯಿಯ 30 ಪಾವತಿಗಳನ್ನು, ಅಂದರೆ 18,000 ರೂ.ಯನ್ನು ಒಂದೇ ಸಲ ಕಳಿಸಲು ಸುಮಾರು 2,080 ಬೈಟ್ ಬೇಕು. ಅದೇ ದರದಲ್ಲಿ ಶುಲ್ಕ 3,328 ರೂ. ಜಾಲ ಖಾಲಿಯಿದ್ದು ಬೈಟಿಗೆ 2 ಸತೋಶಿ ಮಾತ್ರ ಇದ್ದರೂ 333 ರೂ., ಅಂದರೆ ಶೇ 1.85. ಕಾರ್ಡಿನ ಕಡಿತದಷ್ಟೇ ಆಯಿತು. ಜಾಲ ತುಂಬಿದಾಗ ಏನಾಗುತ್ತದೆ ಎಂಬುದಕ್ಕೆ 2024ರ ಏಪ್ರಿಲ್ 20 ಸಾಕ್ಷಿ: ಅಂದು ಸರಾಸರಿ ಶುಲ್ಕ ನೂರು ಡಾಲರ್ ದಾಟಿತ್ತು.

ಸಮಯದ ವಿಷಯವೂ ಇದೆ. ಬಿಟ್‌ಕಾಯಿನ್ ಜಾಲ ವಹಿವಾಟುಗಳನ್ನು ಬ್ಲಾಕ್ ಎಂಬ ಕಂತುಗಳಲ್ಲಿ ಖಚಿತಪಡಿಸುತ್ತದೆ. ಸರಾಸರಿ 10 ನಿಮಿಷಕ್ಕೆ ಒಂದು ಬ್ಲಾಕ್, ದೊಡ್ಡ ಮೊತ್ತಕ್ಕೆ 6 ಬ್ಲಾಕ್ ಕಾಯುವುದು ವಾಡಿಕೆ. ಅಂದರೆ ಗ್ರಾಹಕ ಗಲ್ಲೆಯ ಮುಂದೆ ಒಂದು ತಾಸು ನಿಲ್ಲಬೇಕು. ಇದಕ್ಕೆ ಲೈಟ್ನಿಂಗ್ ಎಂಬ ಮೇಲುಜಾಲ ಬಂದಿದೆ, ಸಣ್ಣ ಪಾವತಿ ಕ್ಷಣದಲ್ಲಿ ಮುಗಿಯುತ್ತದೆ, ಶುಲ್ಕವೂ ಅತ್ಯಲ್ಪ. ನಾವು ನೋಡಿದ ಪರ್ಯಾಯಗಳಲ್ಲಿ ತಂತ್ರಜ್ಞಾನವಾಗಿ ಮೆಚ್ಚಬೇಕಾದದ್ದು ಅದೊಂದೇ. ಆದರೆ ಹಣ ಪಡೆಯಲು ಚಾನೆಲ್‌ನಲ್ಲಿ (ಇಬ್ಬರ ನಡುವೆ ಮೊದಲೇ ಹಣ ಇಟ್ಟು ತೆರೆದ ಪಾವತಿಯ ದಾರಿ) ಎದುರು ಕಡೆಯವರ ಹಣ ಮೊದಲೇ ಸಾಕಷ್ಟಿರಬೇಕು, ಸ್ವಂತ ನೋಡ್ (ಜಾಲಕ್ಕೆ ಸೇರಿದ ಕಂಪ್ಯೂಟರ್) ನಡೆಸುವುದಾದರೆ ಅದು ಹಗಲಿರುಳು ಇಂಟರ್ನೆಟ್ಟಿನಲ್ಲಿರಬೇಕು. ಇಲ್ಲವಾದರೆ ಯಾವುದೋ ವ್ಯಾಲೆಟ್ ಕಂಪನಿಯ ಕೈಗೆ ಹಣ ಕೊಟ್ಟಂತೆ.

ಗೆಸ್ಟ್ ಹೌಸುಗಳಲ್ಲಿ ವಿದೇಶಿಯರು ಕೇಳುವುದು ಹೆಚ್ಚಾಗಿ ಯುಎಸ್‌ಡಿಟಿ, ಡಾಲರಿಗೆ ಕಟ್ಟಿದ ಟೋಕನ್. ಬೆಲೆಯ ಏರಿಳಿತ ಕಡಿಮೆ, ನಿಜ. ತೊಡಕು ಬೇರೆ ಕಡೆ. ಒಂದೇ ಯುಎಸ್‌ಡಿಟಿ ಹಲವು ಜಾಲಗಳಲ್ಲಿ ಓಡುತ್ತದೆ: ಟ್ರಾನ್ ವಿಳಾಸ ಇಂಗ್ಲಿಷ್ 'ಟಿ' ಅಕ್ಷರದಿಂದ ಶುರುವಾಗುತ್ತದೆ, ಇಥೀರಿಯಂ ವಿಳಾಸ ಸೊನ್ನೆ ಮತ್ತು 'ಎಕ್ಸ್'ನಿಂದ. ಕ್ರಿಪ್ಟೊವನ್ನು ರೂಪಾಯಿಗೆ ಮಾರಿಕೊಡುವ ವಿನಿಮಯ ಕೇಂದ್ರ ಒಪ್ಪದ ಜಾಲದಲ್ಲಿ ಕಳಿಸಿದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಟ್ರಾನ್ ಜಾಲದಲ್ಲಿ ಯುಎಸ್‌ಡಿಟಿ ಬಂದರೂ ಅದನ್ನು ಮುಂದೆ ಸಾಗಿಸಲು ಟಿಆರ್‌ಎಕ್ಸ್ ಎಂಬ ಬೇರೆ ನಾಣ್ಯ ವ್ಯಾಲೆಟ್ಟಿನಲ್ಲಿರಬೇಕು. ಅದಿಲ್ಲದಿದ್ದರೆ ಹಣ ಕಣ್ಣಿಗೆ ಕಾಣುತ್ತದೆ, ಕೈಗೆ ಬರುವುದಿಲ್ಲ.

ತೆರಿಗೆಗೆ ಬನ್ನಿ. ಬಹುಪಾಲು ಅಂಗಡಿಗಳು ಇಲ್ಲೇ ಎಡವುತ್ತವೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭದ ಮೇಲೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ನಷ್ಟವಾದರೆ ಇನ್ನೊಂದು ಕ್ರಿಪ್ಟೊ ಲಾಭದಿಂದಲೂ ಕಳೆಯುವಂತಿಲ್ಲ, ಅಂಗಡಿಯ ಲಾಭದಿಂದಲೂ ಇಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಇಬ್ಬರು ಅತಿಥಿಗಳು ತಲಾ 6,000 ರೂ. ಮೌಲ್ಯದ ಬಿಟ್‌ಕಾಯಿನ್ ಕೊಟ್ಟರು ಎನ್ನೋಣ. ಒಂದನ್ನು ಮಾರುವ ಹೊತ್ತಿಗೆ ಬೆಲೆ ಶೇ 10 ಏರಿತ್ತು, 600 ರೂ. ಲಾಭ. ಇನ್ನೊಂದನ್ನು ಮಾರುವಾಗ ಶೇ 10 ಇಳಿದಿತ್ತು, 600 ರೂ. ನಷ್ಟ. ಒಟ್ಟಾರೆ ಗಳಿಸಿದ್ದು ಏನೂ ಇಲ್ಲ. ತೆರಿಗೆ ಮಾತ್ರ 187.20 ರೂ. 12,000 ರೂ. ವ್ಯಾಪಾರಕ್ಕೆ ಅದು ಶೇ 1.56. ಯಾವ ಬ್ಯಾಂಕಿಗೂ ಎಂಡಿಆರ್ ಕೊಡದೆಯೇ ಇಷ್ಟು ಹೋಯಿತು. ಏರಿಳಿತ ಶೇ 10ಕ್ಕೇ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ: 2021ರ ನವೆಂಬರಿನಲ್ಲಿ 69,000 ಡಾಲರ್ ಸಮೀಪಿಸಿದ್ದ ಬಿಟ್‌ಕಾಯಿನ್ ಒಂದು ವರ್ಷದಲ್ಲಿ 16,000ದ ಕೆಳಗೆ ಬಿದ್ದಿತ್ತು.

ಇದರ ಜೊತೆ ಶೇ 1ರ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ತೆರಿಗೆ, 2022ರ ಜುಲೈ 1ರಿಂದ. ಗ್ರಾಹಕ ಕ್ರಿಪ್ಟೊ ಕೊಟ್ಟು ಸೀರೆ ಒಯ್ದರೆ, ಕಾನೂನಿನ ಕಣ್ಣಿಗೆ ಅಂಗಡಿಯವನೇ ಕ್ರಿಪ್ಟೊ ಕೊಂಡವನು. ವರ್ಷದ ಒಟ್ಟು 10,000 ರೂ. ದಾಟಿದರೆ ಆ ತೆರಿಗೆ ಕಟ್ಟಿಸುವ ಹೊಣೆ ಅವನದೇ. ಒಂದು ಕೋಟಿಯೊಳಗಿನ ವಹಿವಾಟಿನ ವ್ಯಕ್ತಿಗತ ವ್ಯಾಪಾರಿಗೆ ಈ ಮಿತಿ 50,000 ರೂ. ಆಮೇಲೆ ವಿನಿಮಯ ಕೇಂದ್ರದಲ್ಲಿ ಮಾರುವಾಗ ಮತ್ತೊಮ್ಮೆ ಶೇ 1 ಹಿಡಿಯುತ್ತಾರೆ. ರಿಟರ್ನ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ ನಿಜ, ಅಲ್ಲಿಯವರೆಗೆ ಬಂಡವಾಳ ಸಿಕ್ಕಿಬಿದ್ದಿರುತ್ತದೆ. ಅನಿವಾಸಿ ಕೊಟ್ಟರೆ ಕಲಮೇ ಬೇರೆ, ವಿದೇಶಿ ವಿನಿಮಯ ಕಾಯ್ದೆಯ ಪ್ರಶ್ನೆಯೂ ಏಳುತ್ತದೆ.

ನ್ಯಾಯವಾಗಿ ಹೇಳಬೇಕಾದ ಎರಡು ಮಾತು ಇವೆ. 6,000 ರೂ. ಕೋಣೆ ಬಾಡಿಗೆಗೆ ಶೇ 3ರ ವಿದೇಶಿ ಕಾರ್ಡಿನಲ್ಲಿ 212.40 ರೂ. ಹೋಗುತ್ತದೆ. ಅಷ್ಟೇ ಮೊತ್ತದ ಯುಎಸ್‌ಡಿಟಿಯನ್ನು ಶೇ 0.5 ಶುಲ್ಕದ ವಿನಿಮಯ ಕೇಂದ್ರದಲ್ಲಿ ಮಾರಿದರೆ ಜಿಎಸ್‌ಟಿ ಸೇರಿ 35.40 ರೂ., ಜೊತೆಗೆ 60 ರೂ. ಟಿಡಿಎಸ್. ಕಾಗದದ ಮೇಲೆ ಅಗ್ಗವೇ. ಕಾರ್ಡಿನಲ್ಲಿರುವ ಚಾರ್ಜ್‌ಬ್ಯಾಕ್, ಅಂದರೆ ಉಂಡು ಮಲಗಿ ಊರಿಗೆ ಹೋದ ಮೇಲೆ 'ನಾನು ಈ ಹಣ ಕೊಟ್ಟಿಲ್ಲ' ಎಂದು ಅತಿಥಿ ತಕರಾರು ಎತ್ತುವ ಸಾಧ್ಯತೆ, ಕ್ರಿಪ್ಟೊದಲ್ಲಿ ಇಲ್ಲ. ಇದು ಸಣ್ಣ ಅನುಕೂಲವಲ್ಲ. ಆದರೆ ಚಾರ್ಜ್‌ಬ್ಯಾಕಿಗೆ ಮದ್ದಿದೆ: ಚಿಪ್ ಹಾಕಿ ಪಿನ್ ಒತ್ತಿಸಿ, ಸಹಿ ಮಾಡಿದ ರಿಜಿಸ್ಟರ್ ಪುಟ, ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಿದ ವರದಿಯ ಪ್ರತಿ ಇಟ್ಟುಕೊಂಡು ಗಡುವಿನೊಳಗೆ ಬ್ಯಾಂಕಿಗೆ ಕೊಟ್ಟರೆ ವಾದಕ್ಕೆ ಆಧಾರವಾಗುತ್ತದೆ.

ಕ್ರಿಪ್ಟೊದಲ್ಲಿ ಬರುವ ದೊಡ್ಡ ಕೇಡಿಗೆ ಮಾತ್ರ ಅಂಥ ಮದ್ದಿಲ್ಲ. ವಿನಿಮಯ ಕೇಂದ್ರದ ಶುಲ್ಕ, ಟಿಡಿಎಸ್ ತಪ್ಪಿಸಲು ಮೊಬೈಲಿನಲ್ಲೇ ಅಪರಿಚಿತರಿಗೆ ಯುಎಸ್‌ಡಿಟಿ ಮಾರುತ್ತಾರೆ. ಕೊಳ್ಳುವವನು ಕಳಿಸುವ ರೂಪಾಯಿ ಎಲ್ಲೋ ಸೈಬರ್ ವಂಚನೆಯಲ್ಲಿ ದೋಚಿದ್ದಾಗಿದ್ದರೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬಂದ ದೂರಿನ ಜಾಡು ಹಿಡಿದು ಅಂಗಡಿಯವನ ಖಾತೆಗೆ ತಡೆ ಬೀಳುತ್ತದೆ. ಇನ್ನೂರು ರೂಪಾಯಿ ಉಳಿಸಲು ಹೋಗಿ ಭತ್ತದ ಸುಗ್ಗಿಯ ಹೊತ್ತಿಗೆ ಇಡೀ ಖಾತೆ ನಿಲ್ಲುವುದು ಎಂದರೆ ವ್ಯಾಪಾರವೇ ನಿಂತಂತೆ. ವಿನಿಮಯ ಕೇಂದ್ರದಲ್ಲೇ ಇಟ್ಟರೆ ಭದ್ರವೇ? 2024ರ ಜುಲೈ 18ರಂದು ಭಾರತದ್ದೇ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳವಾಯಿತು. ಬ್ಯಾಂಕ್ ಠೇವಣಿಗೆ 5 ಲಕ್ಷ ರೂ. ವರೆಗೆ ವಿಮೆ ಇದೆ, ಅಲ್ಲಿ ಅದಿಲ್ಲ. ಬಿಟ್‌ಕಾಯಿನ್‌ಗೆ 2021ರಲ್ಲಿ ಕಾನೂನುಬದ್ಧ ಹಣದ ಸ್ಥಾನ ಕೊಟ್ಟ ಎಲ್ ಸಾಲ್ವಡೋರ್ ಕೂಡ 2025ರ ಜನವರಿಯಲ್ಲಿ, ಅಂಗಡಿಗಳು ಅದನ್ನು ಸ್ವೀಕರಿಸಲೇಬೇಕೆಂಬ ಕಡ್ಡಾಯ ತೆಗೆದುಹಾಕಿತು.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ಇನ್ನೊಂದು ಭ್ರಮೆ ಹಬ್ಬಿದೆ, ಕ್ರಿಪ್ಟೊ ತಗೊಂಡರೆ ವಹಿವಾಟು ಕಾಣುವುದಿಲ್ಲ ಎಂದು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂ. ಎಂಬ ನೋಂದಣಿ ಮಿತಿ ಹಣ ಹೇಗೆ ಬಂತು ಎಂಬುದನ್ನು ನೋಡುವುದಿಲ್ಲ. ನೋಂದಾಯಿತ ವಿನಿಮಯ ಕೇಂದ್ರದ ಪ್ರತಿ ಮಾರಾಟವೂ ಟಿಡಿಎಸ್ ಮೂಲಕ ಪ್ಯಾನ್ ಸಂಖ್ಯೆಗೆ ಅಂಟುತ್ತದೆ. ದಯವಿಟ್ಟು ಇದನ್ನು ಇಲಾಖೆಯವರೇ ಎಪಿಎಂಸಿ ಅಂಗಳದಲ್ಲಿ ನಿಂತು ಹೇಳಲಿ.

ತಮ್ಮ ಮುಂದಿನ ತ್ರೈಮಾಸಿಕ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ನಾವು ಕೇಳುವುದು ಇವು. ಜಿಲ್ಲೆಯಲ್ಲಿ ಮಷೀನ್ ಕೊಟ್ಟಿರುವ ಪ್ರತಿ ಬ್ಯಾಂಕೂ ತಿಂಗಳಿಗೊಮ್ಮೆ ಅಂಗಡಿಗೆ ಕನ್ನಡದಲ್ಲಿ ಒಂದು ಪುಟದ ಲೆಕ್ಕ ಕೊಡಲಿ: ರುಪೇ ಡೆಬಿಟ್, ಇತರ ಡೆಬಿಟ್, ಕ್ರೆಡಿಟ್, ವಿದೇಶಿ ಕಾರ್ಡ್ ಬೇರೆ ಬೇರೆ ಸಾಲಿನಲ್ಲಿ, ಮೊತ್ತ, ದರ, ಜಿಎಸ್‌ಟಿ, ಬಾಡಿಗೆ ಬೇರೆ ಬೇರೆ ಕಾಲಂನಲ್ಲಿ. ಇದೊಂದು ಆದರೂ ಅರ್ಧ ಗೊಂದಲ ಕಳೆಯುತ್ತದೆ. ಬಳ್ಳಾರಿಯಲ್ಲೇ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಇದನ್ನು ಮೊದಲು ಮಾಡಿ ತೋರಿಸಿದರೆ ಉಳಿದವರಿಗೆ ನೆಪ ಉಳಿಯುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ 20 ಲಕ್ಷದ ಮಿತಿಯ ಪ್ರಕಾರ ಅಂಗಡಿಗಳ ವರ್ಗವನ್ನು ಬ್ಯಾಂಕುಗಳೇ ಮರುಪರಿಶೀಲಿಸಲಿ, ರುಪೇ ಡೆಬಿಟ್‌ನಲ್ಲಿ ಮುರಿದ ಹಣವಿದ್ದರೆ ಹಿಂದಿರುಗಿಸಲಿ. ಮಷೀನ್ ಕೆಟ್ಟು ಕುಳಿತ ದಿನಗಳ ಬಾಡಿಗೆ ಬಿಡಲಿ. ಸೈಬರ್ ದೂರಿನಲ್ಲಿ ತಡೆ ಹಾಕುವಾಗ ವಿವಾದದ ಮೊತ್ತಕ್ಕೆ ಮಾತ್ರ ಹಾಕಿ, ದೂರಿನ ಸಂಖ್ಯೆ ಮತ್ತು ಠಾಣೆಯ ಹೆಸರನ್ನು ಅಂಗಡಿಯವನಿಗೆ ಅದೇ ದಿನ ಬರೆದು ತಿಳಿಸಲಿ.

ವಿದೇಶಿ ಪ್ರವಾಸಿಗರಿಗೆಂದೇ ಯುಪಿಐ ಒನ್ ವರ್ಲ್ಡ್ ವ್ಯಾಲೆಟ್ ಬಂದದ್ದು 2023ರ ಜಿ-20 ಸಭೆಗಳ ಕಾಲದಲ್ಲಿ. ಅದೇ ವರ್ಷದ ಜುಲೈಯಲ್ಲಿ ಹಂಪಿಯಲ್ಲೂ ಸಭೆ ನಡೆದಿತ್ತು. ಪಾಸ್‌ಪೋರ್ಟ್, ವೀಸಾ ತೋರಿಸಿ ರೂಪಾಯಿ ತುಂಬಿಸಿಕೊಂಡರೆ ಆನೆಗುಂದಿಯ ಎಳನೀರಿನ ಗಾಡಿಯಲ್ಲೂ ಸ್ಕ್ಯಾನ್ ಮಾಡಬಹುದು. ವ್ಯಾಲೆಟ್ ಪಾವತಿಯಲ್ಲಿ 2,000 ರೂ. ಮೀರಿದ ಮೊತ್ತಕ್ಕೆ ಶೇ 1.1ರವರೆಗೆ ಇಂಟರ್‌ಚೇಂಜ್ ಎಂಬ ಶುಲ್ಕ ಬೀಳಬಹುದು, ಆದರೂ ಅದು ವಿದೇಶಿ ಕಾರ್ಡಿನ ಶೇ 3ರ ಅರ್ಧಕ್ಕಿಂತ ಕಡಿಮೆ. ಇದನ್ನು ಕೊಡುವ ಕೌಂಟರ್ ಗಂಗಾವತಿಯಲ್ಲೋ ಆನೆಗುಂದಿಯಲ್ಲೋ ಒಂದಾದರೂ ಇರಲಿ. ರಿಸರ್ವ್ ಬ್ಯಾಂಕಿನದೇ ಡಿಜಿಟಲ್ ರೂಪಾಯಿ ಪ್ರಯೋಗ 2022ರ ಡಿಸೆಂಬರ್ 1ರಿಂದ ನಡೆದಿದೆ, ಬೆಂಗಳೂರು ಮೊದಲ ನಾಲ್ಕು ನಗರಗಳಲ್ಲಿ ಒಂದು. ಅದು ಕ್ರಿಪ್ಟೊ ಅಲ್ಲ, ನೋಟಿನಷ್ಟೇ ಕಾನೂನುಬದ್ಧ ಹಣ, ಯುಪಿಐ ಕ್ಯೂಆರ್‌ನಲ್ಲೇ ಪಡೆಯಬಹುದು ಎಂಬುದನ್ನು ಆರ್ಥಿಕ ಸಾಕ್ಷರತಾ ಶಿಬಿರಗಳಲ್ಲಿ ಹೇಳಿಸಿ.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಮಾಹಿತಿಗೆ 14448. ಈ ಸಂಖ್ಯೆಯನ್ನು ಪ್ರತಿ ಸ್ವೈಪ್ ಮಷೀನಿನ ಹಿಂಬದಿಗೆ ಕನ್ನಡದಲ್ಲಿ ಅಂಟಿಸಲು ಬ್ಯಾಂಕುಗಳಿಗೆ ಸೂಚಿಸಿ. ಸಮಿತಿ ಕರೆದರೆ, ಅಂಗಡಿಗಳ ಒಪ್ಪಿಗೆ ಪಡೆದು ಹೆಸರು ಮರೆಮಾಡಿದ ಸ್ಟೇಟ್‌ಮೆಂಟ್‌ಗಳನ್ನೂ ಮೇಲೆ ಹೇಳಿದ ಒಂದು ಪುಟದ ಲೆಕ್ಕದ ಮಾದರಿಯನ್ನೂ ಸಭೆಗೆ ತರುತ್ತೇವೆ.

ಇಂತಿ,
ಗಂಗಾವತಿ, ಕಾರಟಗಿ, ಆನೆಗುಂದಿ ಭಾಗದ ಅಂಗಡಿಗಳ ಲೆಕ್ಕ ಬರೆಯುವವರು